ಗಣೇಶ್ ಮೇಲೋ, ಗೋವಿಂದ ಮೇಲೋ?

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ಹಾಕಿ ತಂಡದಲ್ಲಿ ಕೊಡಗಿನ ಇಬ್ಬರಿದ್ದರು. ಒಬ್ಬರು ಮೊಳ್ಳೇರ ಪೂವಯ್ಯ ಗಣೇಶ್, ಆಗ 26ರ ಪ್ರಾಯ. ಇನ್ನೊಬ್ಬರು ಬಿ.ಪಿ. ಗೋವಿಂದ, ಗಣೇಶ್‌ಗಿಂತ ಐದು ವರ್ಷ ಚಿಕ್ಕವರು, ಸೋಮವಾರಪೇಟೆ ಕಡೆಯವರು. ಇಬ್ಬರೂ ಫಾರ್ವರ್ಡ್‌ಗಳು. ಮಡಿಕೇರಿ, ವಿರಾಜಪೇಟೆ, ನಾಪೋಕ್ಲು ಕಡೆ ಹಾಕಿ ಬಲ್ಲ ಹಿರಿಯರು ಸೇರಿದರೆ ಇವರಿಬ್ಬರಲ್ಲಿ ಯಾರು ಹೆಚ್ಚು ಎಂಬ ಮಾತು ಇವತ್ತಿಗೂ ಏಳುತ್ತದೆ, ಬೇಗ ಮುಗಿಯುವುದೂ ಇಲ್ಲ.

ಹೊರನಾಡಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಒಂದು ಮಾತು ಹೇಳಬೇಕು. ಕೊಡಗು ಸಣ್ಣ ಜಿಲ್ಲೆ. ಹಾಕಿ ಮಾತ್ರ ಅಲ್ಲಿ ಮನೆಮನೆಯ ಆಟ. ಬೇಸಿಗೆಯಲ್ಲಿ ನಡೆಯುವ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡ. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಸ್ಟಿಕ್ ಹಿಡಿದು ಇಳಿಯುವುದುಂಟು. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಈ ಹಬ್ಬ ಆರಂಭಿಸಿದಾಗ ಸೇರಿದ್ದು 60 ತಂಡ. ಈಗ ಮುನ್ನೂರು ದಾಟುತ್ತದೆ. ಗಣೇಶ್, ಗೋವಿಂದ ಇಬ್ಬರೂ ಈ ಹಬ್ಬ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಆಡಿ ಮುಗಿಸಿದವರು.

ಗಣೇಶ್ ಅವರ ಕಥೆಯಲ್ಲಿ ಅಚ್ಚರಿ ಹೆಚ್ಚು. ಹುಡುಗನಾಗಿದ್ದಾಗ ಅವರು ಆಡಿದ್ದು ಫುಟ್‌ಬಾಲ್. ಕೊಡಗಿನ ಜಿಲ್ಲಾ ತಂಡಕ್ಕೆ ಆಡುವಷ್ಟು ಚೆನ್ನಾಗಿಯೇ ಆಡುತ್ತಿದ್ದರು. ಹಾಕಿ ಅವರ ಕೈಹಿಡಿದದ್ದು ಸೇನೆಗೆ ಸೇರಿದ ಮೇಲೆ. ಸರ್ವಿಸಸ್ ತಂಡದ ಪರ ಆಡಿ ಹೆಸರು ಮಾಡಿದರು, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ ಭಾರತ ತಂಡದಲ್ಲಿ ಹೋದರು. ಮರುವರ್ಷ ಬಾರ್ಸಿಲೋನಾದಲ್ಲಿ ನಡೆದ ಮೊಟ್ಟಮೊದಲ ವಿಶ್ವಕಪ್‌ನಲ್ಲಿ ಕಂಚು, ಮತ್ತೊಂದು ವರ್ಷಕ್ಕೆ ಮ್ಯೂನಿಕ್, ಅದರ ಮುಂದಿನ ವರ್ಷ ನಾಯಕತ್ವ. ಪಂಜಾಬಿನ ಹುಡುಗರು ನಡೆಯಲು ಕಲಿತಾಗಲೇ ಸ್ಟಿಕ್ ಹಿಡಿಯುತ್ತಿದ್ದ ಕಾಲದಲ್ಲಿ, ತಡವಾಗಿ ಹಾಕಿಗೆ ಬಂದವರೊಬ್ಬರು ದೇಶದ ತಂಡಕ್ಕೆ ನಾಯಕರಾದದ್ದು ಸಾಮಾನ್ಯ ಸಂಗತಿಯಲ್ಲ.

ಗೋವಿಂದ ಅವರ ಬಂಡವಾಳವೇ ವೇಗ. ತಮ್ಮ ಕಾಲದ ಅತಿ ವೇಗದ ಫಾರ್ವರ್ಡ್‌ಗಳ ಸಾಲಿನಲ್ಲಿ ಅವರ ಹೆಸರು ಸೇರಿಸದವರಿಲ್ಲ. ಆ ವೇಗದ ಬೆಲೆ ತಿಳಿಯಬೇಕಾದರೆ ಆಗಿನ ಆಟವನ್ನು ನೆನೆಯಬೇಕು. ಮೈದಾನ ಹುಲ್ಲಿನದು. ಚೆಂಡು ಎಲ್ಲಿ ಪುಟಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳುವಂತಿರಲಿಲ್ಲ. ಅದರ ಮೇಲೆ ಆಫ್‌ಸೈಡ್ ನಿಯಮ ಬೇರೆ. ಇಂದಿನ ಫಾರ್ವರ್ಡ್ ಎದುರಾಳಿಯ ಗೋಲಿನ ಬಳಿ ಮೊದಲೇ ಹೋಗಿ ಪಾಸ್‌ಗೆ ಕಾಯಬಹುದು. ಅಂದು ಹಾಗೆ ನಿಂತರೆ ಸೀಟಿ ಬೀಳುತ್ತಿತ್ತು. ಜೊತೆಗಾರನ ಸ್ಟಿಕ್ಕಿನಿಂದ ಚೆಂಡು ಹೊರಟ ಕ್ಷಣಕ್ಕೆ ಸರಿಯಾಗಿ ಓಟ ಶುರುವಾಗಬೇಕು. ಅರೆಗಳಿಗೆ ಮುಂಚಿತವಾದರೆ ಆಫ್‌ಸೈಡ್, ತಡವಾದರೆ ಡಿಫೆಂಡರ್ ಅಡ್ಡ. ಬರೀ ಕಾಲಿನ ವೇಗದಿಂದ ಆಗುವ ಕೆಲಸವಲ್ಲ ಇದು, ಕಣ್ಣೂ ಅಷ್ಟೇ ಚುರುಕಾಗಿರಬೇಕು.

ಇಬ್ಬರನ್ನೂ ಒಟ್ಟಿಗೆ ಅಳೆಯಲು ಸಿಗುವ ಅತ್ಯುತ್ತಮ ಪಂದ್ಯ 1973ರ ವಿಶ್ವಕಪ್ ಫೈನಲ್. ಆಮ್ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೀನ್, ಎದುರಾಳಿ ಆತಿಥೇಯ ನೆದರ್ಲೆಂಡ್ಸ್, ನಾಯಕ ಗಣೇಶ್. ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0ರಿಂದ ಮಣಿಸಿ ಬಂದಿದ್ದ ತಂಡ ಅದು. ಫೈನಲ್ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಸುರ್ಜಿತ್ ಸಿಂಗ್ ಪೆನಾಲ್ಟಿ ಕಾರ್ನರ್‌ಗಳಲ್ಲಿ ಎರಡು ಗೋಲು ಹೊಡೆದರು. ಕಪ್ ಕೈಗೆ ಬಂದಂತೆಯೇ ಇತ್ತು. ಡಚ್ಚರು ಬಿಡಲಿಲ್ಲ, 2-2 ಮಾಡಿದರು. ಹೆಚ್ಚುವರಿ ಸಮಯ, ಮೊದಲು ಗೋಲು ಹೊಡೆದವರಿಗೇ ಕಪ್ ಎಂಬ ಹಂತ. ಆಗ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು.

ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಓಡುವುದಕ್ಕೆ ಜಾಗವಿಲ್ಲ, ಪಾಸ್ ಕೊಡುವ ಜೊತೆಗಾರನಿಲ್ಲ. ಗುರುತಿನ ಮೇಲೆ ನಿಂತ ಚೆಂಡು, ಗೆರೆಯ ಮೇಲೆ ಗೋಲ್‌ಕೀಪರ್, ನಡುವೆ ಯಾರೂ ಇಲ್ಲ. ಚೆಂಡನ್ನು ಬೀಸಿ ಹೊಡೆಯುವಂತಿಲ್ಲ, ತಳ್ಳಬೇಕು ಇಲ್ಲವೇ ಎತ್ತಿ ಹಾಕಬೇಕು. ವೇಗವೇ ಬಲವಾಗಿದ್ದ ಆಟಗಾರ ಅಲುಗಾಡದೆ ನಿಂತು ಆಡಬೇಕಾದ ಒಂದೇ ಒಂದು ಹೊಡೆತ. ಅದನ್ನು ತೆಗೆದುಕೊಂಡವರು 22ರ ಗೋವಿಂದ. ಗೋಲಾಗಲಿಲ್ಲ. ಕೊನೆಗೆ ಟೈಬ್ರೇಕರ್‌ನಲ್ಲಿ ನೆದರ್ಲೆಂಡ್ಸ್ 4-2ರಿಂದ ಗೆದ್ದು ಕಪ್ ಎತ್ತಿತು.

ಗಣೇಶ್ ಪಕ್ಷದವರು ಈ ಸ್ಟ್ರೋಕನ್ನು ಮುಂದಿಡುತ್ತಾರೆ. ಅದು ನ್ಯಾಯವಲ್ಲ. ವಿಶ್ವಕಪ್ ಫೈನಲ್‌ನಲ್ಲಿ ಅಂಥ ಹೊಣೆ ಹೊರಲು ಮುಂದೆ ಬಂದವನ ಎದೆಗಾರಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಸೋಲಿನ ನೋವು ಇಡೀ ತಂಡದ್ದು, ನಾಯಕನಿಗಂತೂ ಇನ್ನೂ ಹೆಚ್ಚು. ಆ ವರ್ಷದ ಅರ್ಜುನ ಪ್ರಶಸ್ತಿ ಗಣೇಶ್ ಅವರಿಗೆ ಬಂತು. 1974ರಲ್ಲಿ ಟೆಹರಾನ್ ಏಷ್ಯನ್ ಗೇಮ್ಸ್‌ನಲ್ಲಿ ಮತ್ತೆ ಬೆಳ್ಳಿ.

ಇಲ್ಲಿಂದ ದಾರಿ ಬೇರೆಯಾಯಿತು. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಗೋವಿಂದ ತಂಡದಲ್ಲಿದ್ದರು, ಗಣೇಶ್ ಇರಲಿಲ್ಲ. ಜಸ್‌ದೇವ್ ಸಿಂಗ್ ಅವರ ಕಾಮೆಂಟರಿಗೆ ದೇಶವೇ ರೇಡಿಯೋ ಮುಂದೆ ಕಿವಿಗೊಟ್ಟ ದಿನ ಅದು. ಗಂಡಸರ ವಿಶ್ವಕಪ್ ಹಾಕಿಯಲ್ಲಿ ಭಾರತ ಗೆದ್ದ ಚಿನ್ನ ಇವತ್ತಿಗೂ ಅದೊಂದೇ. ಆ ವರ್ಷದ ಅರ್ಜುನ ಗೋವಿಂದ ಅವರ ಪಾಲಾಯಿತು. ಮುಂದೆ 1976ರಲ್ಲಿ ಮಾಂಟ್ರಿಯಲ್‌ನ ಕೃತಕ ಟರ್ಫ್ ಮೇಲೆ ಭಾರತ ಮುಗ್ಗರಿಸಿ ಏಳನೇ ಸ್ಥಾನಕ್ಕೆ ಇಳಿದ ಒಲಿಂಪಿಕ್ಸ್‌ನಲ್ಲೂ ಅವರು ಆಡಿದರು.

ಗೋಲು ಎಣಿಸಿ ತೀರ್ಮಾನಿಸಬಹುದಲ್ಲ ಎನ್ನುವವರಿದ್ದಾರೆ. ಆ ಲೆಕ್ಕ ಎಲ್ಲಿಗೆ ಒಯ್ಯುತ್ತದೆಂದು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನೋಡಿದರೆ ತಿಳಿಯುತ್ತದೆ. ಅಮೆರಿಕವನ್ನು 24-1ರಿಂದ ಸೋಲಿಸಿದ ಪಂದ್ಯದಲ್ಲಿ ತಮ್ಮ ರೂಪ್ ಸಿಂಗ್ 10 ಗೋಲು ಹೊಡೆದರೆ ಅಣ್ಣ ಧ್ಯಾನ್‌ಚಂದ್ ಹೊಡೆದದ್ದು 8. ಹಾಗೆಂದು ರೂಪ್ ಸಿಂಗ್ ಅಣ್ಣನನ್ನು ಮೀರಿಸಿದರು ಎಂದು ಎಷ್ಟು ಜನ ಒಪ್ಪುತ್ತಾರೆ? ಫಾರ್ವರ್ಡ್ ಸಾಲಿನಲ್ಲಿ ಐವರು ಆಡುತ್ತಿದ್ದ ಆ ಕಾಲದಲ್ಲಿ ಗೋಲಿನ ಹಿಂದಿನ ಪಾಸ್ ಯಾರದೆಂದು ಬರೆದಿಡುವವರೂ ಕಡಿಮೆ. ಇಂದಿನಂತೆ ಪ್ರತಿ ಪಂದ್ಯದ ದೃಶ್ಯವನ್ನು ಹಿಂದೆ ಮುಂದೆ ತಿರುಗಿಸಿ ನೋಡುವ ಅನುಕೂಲವೂ ಇರಲಿಲ್ಲ.

ಮೈದಾನದ ಎಪ್ಪತ್ತು ನಿಮಿಷವನ್ನಷ್ಟೇ ತೂಗಿದರೆ ಈ ಲೇಖಕನ ಮತ ಗೋವಿಂದ ಅವರಿಗೆ. ಎದುರಾಳಿ ಡಿಫೆಂಡರ್ ಹೆಚ್ಚು ಹೆದರುವುದು ಅಂಥ ವೇಗಕ್ಕೇ. ಜೊತೆಗೆ ವಿಶ್ವಕಪ್ ಚಿನ್ನವೂ ಅವರ ಕಡೆಗಿದೆ. ಆದರೆ ಹಾಕಿಗೆ ಸಂದ ದುಡಿಮೆ ನೋಡಿದರೆ ತಕ್ಕಡಿ ಗಣೇಶ್ ಕಡೆಗೆ ವಾಲುತ್ತದೆ. ಗೋವಿಂದ ಮುಂದೆ ರಾಷ್ಟ್ರೀಯ ಆಯ್ಕೆ ಸಮಿತಿಯಲ್ಲಿ ಕೆಲಸ ಮಾಡಿದರು, ನಿಜ. ಗಣೇಶ್ ಮಾತ್ರ ತರಬೇತುದಾರರಾಗಿ, ಭಾರತೀಯ ಕ್ರೀಡಾ ಪ್ರಾಧಿಕಾರದ ಅಧಿಕಾರಿಯಾಗಿ ದಶಕಗಳ ಕಾಲ ಆಟದೊಳಗೇ ಉಳಿದರು. 1988ರ ಸೋಲ್ ಒಲಿಂಪಿಕ್ಸ್‌ಗೆ ಹೋದ ತಂಡಕ್ಕೆ ಕೋಚ್ ಅವರು, ನಾಯಕ ಎಂ.ಎಂ. ಸೋಮಯ್ಯ. ಇಬ್ಬರೂ ಕೊಡಗಿನವರೇ. 2020ರಲ್ಲಿ ಗಣೇಶ್ ಅವರಿಗೆ ಪದ್ಮಶ್ರೀ ಬಂದಾಗ ಜಿಲ್ಲೆಯವರು ಹೆಮ್ಮೆಪಟ್ಟದ್ದು ಸಹಜ.

ಈಚೆಗೆ ಈ ಚರ್ಚೆಗೆ ಮೂರನೆಯ ಹೆಸರೂ ಸೇರಿಕೊಂಡಿದೆ. ಸೋಮವಾರಪೇಟೆಯಲ್ಲೇ ಹುಟ್ಟಿ, 2012 ಮತ್ತು 2016ರ ಒಲಿಂಪಿಕ್ಸ್ ಆಡಿ, 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಎಸ್.ವಿ. ಸುನಿಲ್ ಕೂಡ ವೇಗಕ್ಕೇ ಹೆಸರಾದವರು. ಸುನಿಲ್ ಓಡಿದ್ದು ನೀಲಿ ಟರ್ಫ್ ಮೇಲೆ, ಆಫ್‌ಸೈಡ್ ಹಂಗಿಲ್ಲದೆ. ಅದೇ ಓಟವನ್ನು ಹುಲ್ಲಿನ ಮೇಲೆ ಓಡಿ ತೋರಿಸಿದವರು ಗೋವಿಂದ ಎಂದು ಹಿರಿಯರು ವಾದಿಸಿದರೆ ಒಪ್ಪದಿರುವುದು ಕಷ್ಟ.