ಕೆಂಪುಹೊಳೆಯ ಕಪ್ಪೆಗಳ ಅಂಗುಳು

ಸಿ. ಆರ್. ನಾರಾಯಣರಾವ್ ಅವರ 1937ರ ಲೇಖನವನ್ನು ನಾನು ಹುಡುಕಿಕೊಂಡು ಹೋದದ್ದು ಒಂದು ಮೂಳೆಗಾಗಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ರಾವ್, ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ಆ ವರ್ಷ ವರ್ಣಿಸಿದರು. ಅವುಗಳಲ್ಲಿ ಕೆಲವು ಹಾಸನ ಜಿಲ್ಲೆಯ ಪಡುವಣ ಅಂಚಿನ, ಶಿರಾಡಿ ಘಾಟಿಯ ಕೆಂಪುಹೊಳೆ ಕಾಡಿನವು. ಅವರು ಇಟ್ಟಿದ್ದ ಮೂಲ ಮಾದರಿಗಳು ಕಳೆದುಹೋಗಿವೆ. ಬಾಯಿ ತೆರೆದು ನೋಡೋಣವೆಂದರೆ ಕಪ್ಪೆಯೇ ಇಲ್ಲ. ಉಳಿದಿರುವುದು ಬರೆದಿಟ್ಟ ಮಾತು ಮಾತ್ರ.

ನಾನು ಹುಡುಕುತ್ತಿದ್ದ ಮೂಳೆ ವೋಮರ್. ಹೊಳೆನರಸೀಪುರ, ಅರಕಲಗೂಡಿನ ಗದ್ದೆಗಳಲ್ಲಿ ಮಳೆಗಾಲಕ್ಕೆ ಕೂಗುವ ದೊಡ್ಡ ಹಳದಿ ಕಪ್ಪೆಯ ಒಣ ಬುರುಡೆಯನ್ನು ಅಂಗಾತ ಹಿಡಿದರೆ ಅದು ಕಾಣುತ್ತದೆ. ಮೂಗಿನ ಹೊಳ್ಳೆಗಳು ಬಾಯೊಳಗೆ ತೆರೆದುಕೊಳ್ಳುವ ಎರಡು ತೂತುಗಳ ಬಳಿ, ಎಡಕ್ಕೊಂದು ಬಲಕ್ಕೊಂದು ತೆಳು ಮೂಳೆ. ಅದರ ಮೇಲೆ ಓರೆಯಾಗಿ ಕೂತ ಹಲ್ಲಿನ ಸಾಲು. ಬೆರಳ ತುದಿ ಆಡಿಸಿದರೆ ಗರಗರ ಎನ್ನುತ್ತದೆ. ಈ ಹಲ್ಲು ಅಗಿಯುವುದಕ್ಕಲ್ಲ, ಸಿಕ್ಕ ಹುಳು ಜಾರದಂತೆ ಹಿಡಿಯುವುದಕ್ಕೆ. ಚನ್ನರಾಯಪಟ್ಟಣದ ಬೀದಿದೀಪದ ಕೆಳಗೆ ಕೂರುವ ನೆಲಗಪ್ಪೆಯ ಬಾಯಲ್ಲಿ ಒಂದು ಹಲ್ಲೂ ಇಲ್ಲ, ಆದರೆ ವೋಮರ್ ಮೂಳೆ ಇದೆ. ಮೂಳೆ ಉಳಿದು ಹಲ್ಲು ಮಾತ್ರ ಹೋಗಬಹುದು ಎಂಬ ಈ ಸಂಗತಿಯೇ ಮುಂದಿನ ಗೊಂದಲಕ್ಕೆಲ್ಲ ಬೀಜ.

ಹಳೆಯ ಲೇಖನಗಳನ್ನು ಓದುತ್ತ ಹೋದಂತೆ ಇನ್ನೊಂದು ತೊಡಕು ಎದುರಾಯಿತು. ಆ ಕಾಲದ ಹಲವರು ಕಪ್ಪೆಯ ಈ ಮೂಳೆಯನ್ನು ಪ್ರಿವೋಮರ್ ಎಂದು ಬರೆಯುತ್ತಾರೆ. ಅದಕ್ಕೆ ಕಾರಣ ಪಳೆಯುಳಿಕೆ ತಜ್ಞ ರಾಬರ್ಟ್ ಬ್ರೂಮ್. ಸ್ತನಿಗಳಲ್ಲಿ ವೋಮರ್ ಒಂದೇ. ನಮ್ಮ ಮೂಗಿನ ಎರಡು ಹೊಳ್ಳೆಗಳ ನಡುಗೋಡೆಯ ಹಿಂಭಾಗ ಅದು. ಸರೀಸೃಪಗಳಲ್ಲಿ ಸಾಮಾನ್ಯವಾಗಿ ಜೋಡಿ. ಹಾಗಾಗಿ ಎರಡೂ ಬೇರೆ ಬೇರೆ ಮೂಳೆಗಳು, ಜೋಡಿಯದು ಪ್ರಿವೋಮರ್, ಸ್ತನಿಯ ವೋಮರ್ ನಿಜವಾಗಿ ಸರೀಸೃಪದ ಬುರುಡೆಯ ತಳದ ಮೂಳೆಯಾದ ಪ್ಯಾರಾಸ್ಫೀನಾಯ್ಡ್‌ಗೆ ಸಮ ಎಂದು ಬ್ರೂಮ್ ವಾದಿಸಿದರು. ಬಹಳ ಮಂದಿ ಒಪ್ಪಿದರು. 1940ರಲ್ಲಿ ಪ್ಯಾರಿಂಗ್ಟನ್ ಮತ್ತು ವೆಸ್ಟಾಲ್ ಎಂಬ ಇಬ್ಬರು ವಿಜ್ಞಾನಿಗಳು, ಸ್ತನಿಗಳ ಪೂರ್ವಜರಿಗೆ ಹತ್ತಿರದ ಪಳೆಯುಳಿಕೆಗಳ ಅಂಗುಳನ್ನು ಆಧಾರವಾಗಿಟ್ಟು ಆ ವಾದವನ್ನು ಬದಿಗೆ ಸರಿಸಿದರು: ಜೋಡಿ ಮೂಳೆಯೇ ಬೆಸೆದು ಒಂದಾಗಿದೆ. ಮೀನಿನ ಬಾಯಲ್ಲಿ ಹಲ್ಲು ಹೊತ್ತ ವೋಮರ್, ಕಪ್ಪೆಯದು, ನಮ್ಮದು, ಎಲ್ಲವೂ ಒಂದೇ ವಂಶದವು. ಇದು ತಿಳಿಯದೆ ಹಳೆಯ ಲೇಖನ ಓದಿದರೆ ಕಪ್ಪೆಗೆ ಇಲ್ಲದ ಮೂಳೆಯೊಂದನ್ನು ಹುಡುಕುತ್ತ ಕೂರಬೇಕಾಗುತ್ತದೆ.

ಕಪ್ಪೆಗಳನ್ನು ಕುಲಗಳಿಗೆ ಹಂಚುವಾಗ ಆಗಿನವರು ಮೊದಲು ನೋಡುತ್ತಿದ್ದ ಲಕ್ಷಣಗಳಲ್ಲಿ ವೋಮರಿನ ಹಲ್ಲೂ ಒಂದು. ಸೂಕ್ಷ್ಮದರ್ಶಕ ಬಿಟ್ಟರೆ ಬೇರೆ ಸಾಧನವಿಲ್ಲದ ಕಾಲದಲ್ಲಿ ಅದು ಸರಿಯಾದ ದಾರಿಯೇ. ಆದರೆ ಘಟ್ಟದ ಪೊದೆಗಪ್ಪೆಗೂ ಈ ಹಲ್ಲಿಲ್ಲ, ತೊರೆಯ ಬಂಡೆ ಮೇಲೆ ಕಾಲು ಚಾಚಿ ಕುಣಿಯುವ ಮೈಕ್ರಿಕ್ಸಾಲಸ್‌ಗೂ ಇಲ್ಲ. ಎರಡೂ ಬೇರೆ ಕುಟುಂಬಗಳು. ರಾವ್ ಪೊದೆಗಪ್ಪೆಗಳ ಜೊತೆಗಿಟ್ಟ ಕೆಲವು ಕಪ್ಪೆಗಳನ್ನು ಈಗ ಮೈಕ್ರಿಕ್ಸಾಲಸ್‌ಗೆ ಸೇರಿಸಿದ್ದಾರೆ. ಕಪ್ಪೆಗಳ ವಿಕಾಸದಲ್ಲಿ ಹಲ್ಲು 20ಕ್ಕೂ ಹೆಚ್ಚು ಸಲ ಪ್ರತ್ಯೇಕವಾಗಿ ಪೂರ್ತಿ ಕಳೆದುಹೋಗಿದೆ ಎಂದು 2021ರ ಅಧ್ಯಯನವೊಂದು ತೋರಿಸಿದೆ. ಇಷ್ಟು ಸಲ ಕಳೆದುಹೋದದ್ದನ್ನು ನೆಂಟಸ್ತಿಕೆಯ ಗುರುತೆಂದು ಒಂಟಿಯಾಗಿ ನಂಬಲಾಗದು.

ಕೆಂಪುಹೊಳೆಯ ಹೆಸರನ್ನೇ ಹೊತ್ತ ಇರುಳುಗಪ್ಪೆ ನಿಕ್ಟಿಬ್ಯಾಟ್ರಕಸ್ ಕೆಂಫೋಲೆಯೆನ್ಸಿಸ್ ಸುಮಾರು 75 ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಪ್ಪೆ ತಜ್ಞ ಎಸ್. ಡಿ. ಬಿಜು ಮತ್ತು ಸಂಗಡಿಗರು ಅದು ಮತ್ತೆ ಸಿಕ್ಕಿತೆಂದು 2011ರಲ್ಲಿ ಪ್ರಕಟಿಸಿದರು. ಅದಕ್ಕೂ ಒಂದು ವರ್ಷ ಮುಂಚೆ ಪೊದೆಗಪ್ಪೆಗಳ ಹೊಸ ಕುಲಕ್ಕೆ ನಾರಾಯಣರಾವ್ ನೆನಪಿನಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟಿದ್ದರು. ಅದು ಅಚ್ಚಾದದ್ದು ಕರೆಂಟ್ ಸೈನ್ಸ್‌ನಲ್ಲಿ, 1932ರಲ್ಲಿ ರಾವ್ ಅವರೇ ಮೊದಲ ಸಂಪಾದಕರಾಗಿ ಶುರುಮಾಡಿದ ಪತ್ರಿಕೆಯಲ್ಲಿ. ಕುಲದ ಲಕ್ಷಣಗಳನ್ನು ಓದಿದೆ. ಡಿಎನ್‌ಎ ಬಂದ ಮೇಲೂ ಪಟ್ಟಿಯಲ್ಲಿ ಅದು ಉಳಿದಿದೆ: ವೋಮರಿನ ಹಲ್ಲು ಇಲ್ಲ.