ಪ್ಯಾರಲಲ್ ಪ್ರಿಂಟರ್ ಪೋರ್ಟ್

ಒಂದು ಬೈಟಿನ ಎಂಟೂ ಬಿಟ್‌ಗಳನ್ನು ಎಂಟು ತಂತಿಗಳ ಮೂಲಕ ಒಮ್ಮೆಗೇ ಕಂಪ್ಯೂಟರಿನಿಂದ ಪ್ರಿಂಟರಿಗೆ ಕಳಿಸುವ ಸಂಪರ್ಕ ವ್ಯವಸ್ಥೆ. ಅಮೆರಿಕದ ಸೆಂಟ್ರಾನಿಕ್ಸ್ ಕಂಪನಿ 1970ರಲ್ಲಿ ತನ್ನ ಮಾಡೆಲ್ 101 ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನೊಂದಿಗೆ ತಂದ ಪದ್ಧತಿಯೇ ಇದರ ಮೂಲ. ಪ್ರಿಂಟರಿನ ಬದಿಯಲ್ಲಿ 36 ಸಂಪರ್ಕಗಳ ಅಗಲವಾದ ಕನೆಕ್ಟರ್ ಉಳಿದುಕೊಂಡಿತು. 1981ರಲ್ಲಿ ಬಂದ ಐಬಿಎಂ ಪಿಸಿ ತನ್ನ ಬದಿಗೆ 25 ರಂಧ್ರಗಳ ಡಿಬಿ-25 ಕನೆಕ್ಟರನ್ನು ಆರಿಸಿಕೊಂಡಿತು. ಹಳೆಯ ಪಿಸಿಗಳಲ್ಲಿ ಸೀರಿಯಲ್ ಪೋರ್ಟಿಗೂ 25 ಪಿನ್‌ಗಳಿರುವುದುಂಟು. ಆದರೆ ಅಲ್ಲಿ ಪಿನ್‌ಗಳು ಹೊರಚಾಚಿರುತ್ತವೆ, ವೋಲ್ಟೇಜೂ ಬೇರೆ. ಎರಡನ್ನೂ ಅದಲುಬದಲು ಮಾಡಬಾರದು.

2ರಿಂದ 9ರವರೆಗಿನ ಪಿನ್‌ಗಳು ದತ್ತಾಂಶದವು. 2ರಲ್ಲಿ ಅತ್ಯಂತ ಚಿಕ್ಕ ಬಿಟ್, 9ರಲ್ಲಿ ಅತ್ಯಂತ ದೊಡ್ಡದು. 5 ವೋಲ್ಟಿನ ಹತ್ತಿರವಿದ್ದರೆ ಹೈ, ಅಂದರೆ 1. ಸೊನ್ನೆಯ ಹತ್ತಿರವಿದ್ದರೆ ಲೋ, ಅಂದರೆ 0. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರದ ಸಂಖ್ಯೆ 65, ದ್ವಿಮಾನದಲ್ಲಿ 01000001. ಅದನ್ನು ಕಳಿಸುವಾಗ 2 ಮತ್ತು 8ನೆಯ ಪಿನ್‌ಗಳು ಮಾತ್ರ ಹೈ ಆಗಿರುತ್ತವೆ. ಇದನ್ನು ಬಲ್ಲವರಿಗೆ ಕೇಬಲಿನ ದೋಷವನ್ನು ಮುದ್ರಿತ ಹಾಳೆಯಲ್ಲೇ ಓದಲು ಬರುತ್ತದೆ. 7ನೆಯ ಪಿನ್ನಿನ ತಂತಿ ಗ್ರೌಂಡಿಗೆ ತಾಗಿಕೊಂಡಿದೆ ಎನ್ನಿ: ಇಂಗ್ಲಿಷಿನ ಸಣ್ಣಕ್ಷರಗಳೆಲ್ಲ ದೊಡ್ಡಕ್ಷರಗಳಾಗಿ ಅಚ್ಚಾಗುತ್ತವೆ, ಪದಗಳ ನಡುವಿನ ಖಾಲಿ ಜಾಗ ಮಾಯವಾಗುತ್ತದೆ.

ಎಂಟು ತಂತಿಗಳಲ್ಲಿ ವೋಲ್ಟೇಜ್ ಇಟ್ಟ ಮಾತ್ರಕ್ಕೆ ಪ್ರಿಂಟರಿಗೆ ಏನೂ ತಿಳಿಯುವುದಿಲ್ಲ. ಬೈಟ್ ಯಾವಾಗ ಸಿದ್ಧವಾಯಿತು, ಅದನ್ನು ಆ ಕಡೆ ತೆಗೆದುಕೊಂಡರೋ ಇಲ್ಲವೋ ಎಂಬುದು ಇತ್ಯರ್ಥವಾಗಬೇಕು. ಈ ಪೋರ್ಟಿನ ನಿಜವಾದ ಜಾಣ್ಮೆ ಇರುವುದು ಇಲ್ಲಿಯೇ. ಕಂಪ್ಯೂಟರ್ ಮೊದಲು 11ನೆಯ ಪಿನ್ನಿನ ಬಿಜಿ ಸಂಕೇತವನ್ನು ನೋಡುತ್ತದೆ. ಅದು ಲೋ ಇದ್ದರೆ ಪ್ರಿಂಟರ್ ಬಿಡುವಾಗಿದೆ. ಬಳಿಕ ಬೈಟನ್ನು ತಂತಿಗಳ ಮೇಲೆ ಇಟ್ಟು, ವೋಲ್ಟೇಜ್ ನೆಲೆನಿಲ್ಲಲು ಅರ್ಧ ಮೈಕ್ರೋಸೆಕೆಂಡಾದರೂ ಕಾಯುತ್ತದೆ. ಆಮೇಲೆ 1ನೆಯ ಪಿನ್ನಿನ ಸ್ಟ್ರೋಬನ್ನು ಮತ್ತೆ ಅಷ್ಟೇ ಹೊತ್ತಾದರೂ ಲೋ ಮಾಡಿ ಮೇಲೆತ್ತುತ್ತದೆ. ಸ್ಟ್ರೋಬ್ ಬಂತೆಂದರೆ ಪ್ರಿಂಟರ್ ಬಿಜಿಯನ್ನು ಹೈಗೆ ಏರಿಸಿ ಬೈಟನ್ನು ತನ್ನ ಬಫರಿಗೆ ಎಳೆದುಕೊಳ್ಳುತ್ತದೆ. ಕೆಲಸ ಮುಗಿದಾಗ 10ನೆಯ ಪಿನ್ನಿನಲ್ಲಿ ಆಕ್ ಎಂಬ ಚಿಕ್ಕ ಲೋ ಮಿಡಿತವನ್ನು ಕೊಟ್ಟು ಬಿಜಿಯನ್ನು ಇಳಿಸುತ್ತದೆ. ಪ್ರತಿ ಬೈಟಿಗೂ ಇಷ್ಟೂ ನಡೆಯಬೇಕು. ಆದ್ದರಿಂದಲೇ ನಿಧಾನದ ಪ್ರಿಂಟರಿಗೂ ವೇಗದ ಕಂಪ್ಯೂಟರಿಗೂ ಹೊಂದಿಕೆ ಸಾಧ್ಯವಾಯಿತು. ಮೂಲ ಪದ್ಧತಿಯ ವೇಗ ಸೆಕೆಂಡಿಗೆ ಸುಮಾರು 150 ಕಿಲೋಬೈಟಿಗೆ ನಿಂತದ್ದಕ್ಕೂ ಇದೇ ಕಾರಣ.

ಉಳಿದ ಸಂಕೇತಗಳು ಸರಳ. ಕಾಗದ ಮುಗಿದರೆ 12 ಹೈ ಆಗುತ್ತದೆ, ಪ್ರಿಂಟರ್ ಆನ್‌ಲೈನ್ ಇದ್ದರೆ 13 ಹೈ, ದೋಷವಿದ್ದರೆ 15 ಲೋ. ಕಂಪ್ಯೂಟರಿನ ಕಡೆಯಿಂದ 14 ಸಾಲು ಸರಿಸಲು, 16 ಪ್ರಿಂಟರನ್ನು ಹೊಸದಾಗಿ ಆರಂಭಿಸಲು, 17 ಅದನ್ನು ಆಯ್ಕೆಮಾಡಲು. 18ರಿಂದ 25ರವರೆಗಿನ ಎಂಟೂ ಗ್ರೌಂಡ್. ಅಷ್ಟೊಂದು ಗ್ರೌಂಡ್ ದುಂದಲ್ಲ: ಎಂಟು ಬಿಟ್‌ಗಳು ಒಮ್ಮೆಗೇ ಬದಲಾದಾಗ ಹರಿಯುವ ವಿದ್ಯುತ್ತು ಹಿಂತಿರುಗಲು ದಾರಿ ಬೇಕು, ಇಲ್ಲವಾದರೆ ಒಂದು ತಂತಿಯ ಗದ್ದಲ ಪಕ್ಕದ ತಂತಿಗೆ ದಾಟುತ್ತದೆ.

ಪ್ರೋಗ್ರಾಂ ಬರೆಯುವವರಿಗೆ ಇಡೀ ಪೋರ್ಟ್ ಮೂರು ರಿಜಿಸ್ಟರ್‌ಗಳಾಗಿ ಕಾಣುತ್ತದೆ. ಸಾಮಾನ್ಯವಾಗಿ ಹೆಕ್ಸ್ 378ರಲ್ಲಿ ದತ್ತಾಂಶ, 379ರಲ್ಲಿ ಪ್ರಿಂಟರಿನ ಸ್ಥಿತಿ, 37ಎ ನಲ್ಲಿ ನಿಯಂತ್ರಣ. ಇಲ್ಲೊಂದು ತೊಡಕಿದೆ: ಬಿಜಿ, ಸ್ಟ್ರೋಬ್, 14 ಮತ್ತು 17ನೆಯ ಪಿನ್‌ಗಳ ಸಂಕೇತಗಳು ಹಾರ್ಡ್‌ವೇರಿನಲ್ಲೇ ತಿರುವುಮುರುವಾಗಿವೆ. ಸ್ಟ್ರೋಬ್ ಬಿಟ್ಟಿಗೆ 1 ಬರೆದರೆ ಪಿನ್ ಲೋ ಆಗುತ್ತದೆ. ಕಲಿಯುವವರು ಬಹಳ ಎಡವುವ ಜಾಗ ಇದು.

ಪ್ರಿಂಟರಿನೊಳಗೆ ಕನ್ನಡ ಲಿಪಿ ಇಲ್ಲದಿದ್ದರೆ ಪಠ್ಯವನ್ನು ಚಿತ್ರವಾಗಿ ಕಳಿಸಬೇಕಾಗುತ್ತದೆ. ಎಪ್ಸನ್ ಮಾದರಿಯ ಒಂಬತ್ತು ಸೂಜಿಗಳ ಪ್ರಿಂಟರಿನ ಎಂಟು ಬಿಟ್ ಚಿತ್ರವಿಧಾನದಲ್ಲಿ ಪ್ರತಿ ಬೈಟೂ ಒಂದು ನೆಟ್ಟನೆಯ ಚುಕ್ಕಿಸಾಲು. 9ನೆಯ ಪಿನ್ನಿನ ಬಿಟ್ ಎಲ್ಲಕ್ಕಿಂತ ಮೇಲಿನ ಸೂಜಿಯನ್ನು ಬಡಿಸುತ್ತದೆ, 2ನೆಯದು ಮೇಲಿನಿಂದ ಎಂಟನೆಯದನ್ನು. ಒತ್ತಕ್ಷರವಿರುವ ಸಾಲು ಎಂಟು ಚುಕ್ಕಿಗಳ ಎತ್ತರದಲ್ಲಿ ಸೊಗಸಾಗಿ ಮೂಡದು. ಒಂದು ಸಾಲಿಗೆ ತಲೆ ಹಲವು ಬಾರಿ ಓಡಾಡಬೇಕು. ಕನ್ನಡ ಮುದ್ರಣ ಇಂಗ್ಲಿಷಿಗಿಂತ ನಿಧಾನವಾಗಲು ಇದೇ ಕಾರಣ.

ಪ್ರಿಂಟರಿನಿಂದ ಬೈಟ್‌ಗಳನ್ನು ಹಿಂದಕ್ಕೆ ಪಡೆಯಲು ಮೊದಲು ಸ್ಥಿತಿಯ ತಂತಿಗಳಲ್ಲಿ ನಾಲ್ಕನ್ನು ಬಳಸಿ ಅರ್ಧರ್ಧ ಬೈಟ್ ಓದುತ್ತಿದ್ದರು. ಐಬಿಎಂ 1987ರ ಪಿಎಸ್/2 ಯಂತ್ರಗಳಲ್ಲಿ ದತ್ತಾಂಶದ ತಂತಿಗಳನ್ನೇ ಎರಡೂ ದಿಕ್ಕಿಗೆ ತೆರೆಯಿತು. 1994ರ ಐಇಇಇ 1284 ಮಾನದಂಡ ಈ ವಿಧಾನಗಳನ್ನೂ ಇಪಿಪಿ, ಇಸಿಪಿ ಎಂಬ ವೇಗದ ವಿಧಾನಗಳನ್ನೂ ಒಂದೇ ಚೌಕಟ್ಟಿಗೆ ತಂದಿತು. ಈ ಎರಡರಲ್ಲಿ ಪ್ರತಿ ಬೈಟಿಗೂ ನಡೆಯುವ ಸಂಕೇತ ವಿನಿಮಯದ ಕೆಲಸ ಪ್ರೋಗ್ರಾಮಿನದ್ದಲ್ಲ, ಹಾರ್ಡ್‌ವೇರಿನದು.

ಯುಎಸ್‌ಬಿ ಬಂದ ಮೇಲೆ ಈ ಪೋರ್ಟ್ ಹೊಸ ಕಂಪ್ಯೂಟರ್‌ಗಳಿಂದ ಮರೆಯಾಯಿತು. ಎಲೆಕ್ಟ್ರಾನಿಕ್ಸ್ ಕಲಿಕೆಗೆ ಮಾತ್ರ ಇಷ್ಟು ಪಾರದರ್ಶಕವಾದ ಸಾಧನ ಪಿಸಿಯಲ್ಲಿ ಮತ್ತೊಂದು ಬರಲಿಲ್ಲ. 2 ಮತ್ತು 18ನೆಯ ಪಿನ್‌ಗಳ ನಡುವೆ 1 ಕಿಲೋಓಮ್ ರೆಸಿಸ್ಟರಿನೊಂದಿಗೆ ಎಲ್‌ಇಡಿ ಜೋಡಿಸಿದರೆ ಒಂದು ಬಿಟ್ ಕಣ್ಣೆದುರೇ ಬೆಳಗುತ್ತದೆ. ರಿಲೇ, ಮೋಟಾರುಗಳನ್ನು ನೇರವಾಗಿ ಜೋಡಿಸದೆ ಯುಎಲ್‌ಎನ್2003 ತರಹದ ಚಿಪ್ಪನ್ನು ನಡುವೆ ಇಡಬೇಕು. ಇಂಥ ಪ್ರಯೋಗಕ್ಕೆ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ಕೊಳ್ಳಬೇಡಿ. ಅದು ತನ್ನನ್ನು ಪ್ರಿಂಟರ್ ಎಂದಷ್ಟೇ ತೋರಿಸಿಕೊಳ್ಳುತ್ತದೆ. ಮೇಲೆ ಹೇಳಿದ ಮೂರು ರಿಜಿಸ್ಟರ್‌ಗಳು ಅದರಲ್ಲಿ ಸಿಗುವುದಿಲ್ಲ.