ಸಾಸಿವೆ ತಂದವಳ ಮಾತು

ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಕೈಗಾರಿಕೆಗಳ ಊರು. ಅಲ್ಲಿರಲಿ, ನಮ್ಮ ಯಾವುದೇ ಊರಿರಲಿ, ಕ್ಯಾನ್ಸರ್ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುವವರೇ ಹೆಚ್ಚು. 'ಆ ಕಾಯಿಲೆ' ಎಂದು ದನಿ ತಗ್ಗಿಸುತ್ತಾರೆ. ಎದೆಯಲ್ಲಿನ ಗಂಟನ್ನು ಮನೆಯವರಿಗೂ ಹೇಳದೆ ತಡವಾಗಿ ಆಸ್ಪತ್ರೆ ಸೇರುವ ಹೆಂಗಸರು ಇಂದಿಗೂ ಇದ್ದಾರೆ.

ಈ ಸಂಕೋಚವನ್ನು ಕನ್ನಡದಲ್ಲಿ ಮುರಿದವರಲ್ಲಿ ಡಾ. ಅನುಪಮಾ ನಿರಂಜನ ಪ್ರಮುಖರು. ಇದೇ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಈ ವೈದ್ಯೆ 'ತಾಯಿ ಮಗು', 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳಲ್ಲಿ ಹೆಣ್ಣಿನ ಶರೀರದ ಬಗ್ಗೆ ನೇರವಾಗಿ ಬರೆದರು. 1991ರಲ್ಲಿ ಕ್ಯಾನ್ಸರ್‌ನಿಂದಲೇ ತೀರಿಕೊಂಡರು.

ರೋಗಿಯೇ ಬರೆದದ್ದು ಬೇಕೆನ್ನುವವರಿಗೆ ಬಿ.ವಿ. ಭಾರತಿಯವರ 'ಸಾಸಿವೆ ತಂದವಳು' ಇದೆ. ಸ್ತನ ಕ್ಯಾನ್ಸರ್‌ನಿಂದ ಪಾರಾಗಿ ಬಂದ ಅನುಭವ ಕಥನ. ಶೀರ್ಷಿಕೆಯ ಹಿಂದಿರುವುದು ಎಲ್ಲರೂ ಬಲ್ಲ ಕಥೆ. ಸತ್ತ ಮಗುವನ್ನು ಬದುಕಿಸೆಂದು ಅತ್ತ ಕಿಸಾಗೋತಮಿಗೆ, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದ ಬುದ್ಧ. ಮನೆಮನೆ ಅಲೆದ ಅವಳು ಬರಿಗೈಯಲ್ಲಿ ಮರಳಿದಳು. ಈ ಲೇಖಕಿಯೋ ತಂದೆ ಎನ್ನುತ್ತಾರೆ! ಕೊಂಚ ಜಂಬದ ಹೆಸರೇ. ಆದರೆ ವರದಿ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರಿಗೆ ಅಷ್ಟು ಜಂಬ ಬೇಕಾಗುತ್ತದೆ.

ಕೀಮೋಥೆರಪಿಯಿಂದ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ ಎಂದು ವೈದ್ಯರೂ ಹೇಳುತ್ತಾರೆ. ಬಂದವರೇ ಹೇಳಿದರೆ ನಂಬಿಕೆ ಹೆಚ್ಚು. ಹಾಗೆಂದು ಇಂಥ ಪುಸ್ತಕವನ್ನು ಚಿಕಿತ್ಸೆಯ ಕೈಪಿಡಿ ಮಾಡಿಕೊಳ್ಳುವಂತಿಲ್ಲ. ಕ್ಯಾನ್ಸರ್‌ನಲ್ಲಿ ಬಗೆ ಹಲವು, ಒಬ್ಬರಿಗೆ ಕೊಟ್ಟ ಔಷಧ ಮತ್ತೊಬ್ಬರಿಗೆ ಸಲ್ಲದಿರಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಅಲ್ಲಿಗೆ ಹೊರಡಲು ಬಸ್ಸಿನ ಚೀಟಿಯ ಜೊತೆಗೆ, ಹೋಗಿ ಗುಣವಾಗಿ ಬಂದ ಒಬ್ಬರ ಮಾತೂ ಬೇಕು.